ಹಗೇದ ಎಂಬ ಅಡ್ಡಹೆಸರಿನ ಬೆನ್ನು ಹತ್ತಿ

ಅರಿವಳಿಕೆ ಕೊಡುವವರು ತುಂಬುವ ಚಾರ್ಟಿನಲ್ಲಿ ಐದು ನಿಮಿಷಕ್ಕೊಂದು ಮನೆ ಇರುತ್ತದೆ. ನಾಡಿ, ರಕ್ತದೊತ್ತಡ, ಆಮ್ಲಜನಕ ಮೂರನ್ನೂ ಪ್ರತಿ ಮನೆಯಲ್ಲಿ ಬರೆಯಬೇಕು. ಆ ದಿನದ ಚಾರ್ಟಿನ ಜೆರಾಕ್ಸ್ ಪ್ರತಿ ನನ್ನ ಚೀಲದಲ್ಲಿ ಈಗಲೂ ಇದೆ. ಅದರಲ್ಲಿ ಹೊಲಿಗೆ ಮುಗಿದ ಮೇಲಿನ ಮೂರೂವರೆ ಮನೆಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹದಿನೆಂಟು ನಿಮಿಷ. ಅಂಕಿಗಳನ್ನು ಬರೆದದ್ದು ನಾನೇ. ಅವು ಏನು ಹೇಳುತ್ತಿದ್ದವೆಂದು ಓದದವಳೂ ನಾನೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಯ ಸಣ್ಣ ಆಸ್ಪತ್ರೆಗಳಿಂದ ನನಗೆ ಫೋನ್ ಬರುತ್ತದೆ. ಚೀಲ ಎತ್ತಿಕೊಂಡು ಹೋಗುತ್ತೇನೆ. ಆ ದಿನ ಕರೆದದ್ದು ಇಂಡಿಯವರು. ಅಪೆಂಡಿಕ್ಸ್ ಬಾತಿದ್ದ ಹೆಣ್ಣುಮಗಳು, ವಯಸ್ಸು ಮೂವತ್ತರ ಒಳಗೆ. ಜೊತೆಗೆ ಅವಳ ಅತ್ತೆ ಬಂದಿದ್ದರು. ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: "ನಿಮ್ಮವರಾಗ ಯಾರಿಗರ ಆಪರೇಶನ್ ಹೊತ್ತಿನ್ಯಾಗ ತ್ರಾಸ ಆಗಿತ್ತೇನು? ಎಚ್ಚರ ಆಗದ ಹೋಗೂದು, ಉಸರಾಟದ್ದು?"

"ಯಾರಿಗೂ ಏನೂ ಆಗಿಲ್ರಿ ಮೇಡಮ್ಮಾರ" ಎಂದು ಅತ್ತೆ ಹೇಳಿದರು. "ನಮ್ಮ ಮನ್ಯಾಗ ಎಲ್ಲಾರೂ ಗಟ್ಟಿ ಅದಾರ. ಈಕೀನ ಸ್ವಲ್ಪ ನಾಜೂಕ."

ಹೆಣ್ಣುಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ.

ಬೆನ್ನಿಗೆ ಕೊಡುವ ಇಂಜೆಕ್ಷನ್ ಎರಡು ಸಲ ಪ್ರಯತ್ನಿಸಿದರೂ ಹಿಡಿಯಲಿಲ್ಲ. ಪೂರ್ತಿ ನಿದ್ದೆಯನ್ನೇ ಕೊಡಬೇಕಾಯಿತು. ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮಂಪರು ತರುವುದು ಒಂದು. ಅದನ್ನು ಕೊನೆಯವರೆಗೆ ಉಳಿಸುವುದು ಅನಿಲ. ಸ್ನಾಯುಗಳನ್ನು ಸಡಿಲಿಸುವುದು ಇನ್ನೊಂದು. ಗಂಟಲಿಗೆ ಕೊಳವೆ ಇಳಿಸಲು ನಾನು ಕೊಟ್ಟದ್ದು ಸಕ್ಸಾಮೆಥೋನಿಯಂ ಎಂಬ ಔಷಧ. ಅದು ಮೈಯ ಒಂದೊಂದು ಸ್ನಾಯುವನ್ನೂ ನಿಲ್ಲಿಸುತ್ತದೆ, ಉಸಿರಾಟದ ಸ್ನಾಯುವನ್ನೂ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಐದರಿಂದ ಹತ್ತು ನಿಮಿಷದಲ್ಲಿ ಕರಗಿಸಿಬಿಡುತ್ತದೆ. ಅದು ಕರಗಿದ ಮೇಲೆ ಇನ್ನೊಂದು, ಹೆಚ್ಚು ಹೊತ್ತು ನಿಲ್ಲುವ ಔಷಧ ಕೊಡುವುದು ರೂಢಿ.

ಕೊಡಬೇಕಾಗಿ ಬರಲಿಲ್ಲ. ಹತ್ತು ನಿಮಿಷವಾದಾಗ "ಹೊಟ್ಟೆ ಗಟ್ಟಿಯಾಯಿತೆ?" ಎಂದು ಕೇಳಿದೆ. "ಬೆಣ್ಣೆ ಇದ್ಹಂಗ ಐತ್ರಿ" ಎಂದರು ಶಸ್ತ್ರಚಿಕಿತ್ಸಕರು. ಇಪ್ಪತ್ತು ನಿಮಿಷಕ್ಕೂ ಬೆಣ್ಣೆಯೇ. ನಾನು ಅದನ್ನು ಅದೃಷ್ಟವೆಂದುಕೊಂಡೆ. ಅದು ಎಚ್ಚರಿಕೆಯಾಗಿತ್ತು.

ಹೊಲಿಗೆ ಮುಗಿದ ಮೇಲೆ ಅನಿಲ ನಿಲ್ಲಿಸಿದೆ. ಉಸಿರು ಬರಲಿಲ್ಲ. ಕೊಳವೆಗೆ ಗಾಳಿ ತುಂಬುವ ರಬ್ಬರ್ ಚೀಲ ಒತ್ತುತ್ತ ಕಾದೆ. ನಾಡಿ ಏರತೊಡಗಿತು: ತೊಂಬತ್ತು, ನೂರಾ ಹತ್ತು, ನೂರಾ ಮೂವತ್ತು. ಒತ್ತಡವೂ ಏರಿತು. ನಾನು ಕೊಳವೆ ನೋಡಿದೆ, ಅನಿಲದ ಡಯಲ್ ನೋಡಿದೆ, ಕಣ್ಣಿನ ಪಾಪೆ ನೋಡಿದೆ. ಎಡಗಣ್ಣಿನ ಮೂಲೆಯಿಂದ ಒಂದು ಹನಿ ಇಳಿದು ಕಿವಿಯ ಕಡೆ ಹೋಗುತ್ತಿತ್ತು. ಅರಳೆಯಿಂದ ಒರೆಸಿದೆ. ಕಣ್ಣು ಒಣಗಬಾರದೆಂದು ಪಟ್ಟಿ ಹಚ್ಚಿ ಮತ್ತೆ ಡಯಲ್ ಕಡೆ ತಿರುಗಿದೆ.

ನರ್ಸ್‌ಗೆ ಹೇಳಿದ ಮಾತು ನೆನಪಿದೆ: "ಹೊರಗ ಹೋಗಿ ಕೇಳ್ರಿ, ಇವರ ಮನ್ಯಾಗ ಯಾರರ ಹಿಂಗ ಏಳದ ಹೋಗ್ಯಾರೇನು."

ನರ್ಸ್ ಹೋಗಿ ಬಂದರು. "ಇಲ್ಲಂತ್ರಿ."

ಪಠ್ಯಪುಸ್ತಕದಲ್ಲಿ ಓದಿದ್ದ, ಎಂದೂ ಕಣ್ಣಾರೆ ನೋಡಿರದ ಒಂದು ಪುಟ ನೆನಪಾದದ್ದು ಆಮೇಲೆ. ಕೆಲವರ ರಕ್ತದಲ್ಲಿ ಆ ಕಿಣ್ವ ಸರಿಯಾಗಿರುವುದಿಲ್ಲ. ಅವರಲ್ಲಿ ಐದು ನಿಮಿಷದ ಔಷಧ ಐದು ತಾಸು ನಿಲ್ಲಬಹುದು. ಅನಿಲ ನಿಲ್ಲಿಸಿದ್ದರಿಂದ ಮಂಪರು ಇಳಿದಿರುತ್ತದೆ. ಅವರು ಎಚ್ಚರವಾಗಿರುತ್ತಾರೆ, ಒಂದು ರೆಪ್ಪೆಯನ್ನೂ ಅಲುಗಿಸಲಾರರು.

ಕೂಡಲೇ ಮತ್ತೆ ನಿದ್ದೆಗೆ ಕಳಿಸಿದೆ. ಅಷ್ಟು ಹೊತ್ತಿಗೆ ಹದಿನೆಂಟು ನಿಮಿಷ ಆಗಿತ್ತು. ನರ್ಸ್, ನಾನು ಪಾಳಿಯ ಮೇಲೆ ಚೀಲ ಒತ್ತಿದೆವು. ಸಂಜೆ ನಾಲ್ಕೂವರೆಗೆ ಅವಳ ಬಲಗೈಯ ಕಿರುಬೆರಳು ಅಲುಗಿತು. ಆರಕ್ಕೆ ತಾನೇ ಉಸಿರಾಡಿದಳು.

ಮರುದಿನ ಹೋದಾಗ ಹಾಸಿಗೆಯಲ್ಲಿ ಎದ್ದು ಕುಳಿತಿದ್ದಳು. ಅತ್ತೆ ಚಹಾ ತರಲು ಹೋಗಿದ್ದರು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು.

"ಮೇಡಮ್ಮಾರ, ನೀವು ಕೇಳಾಕ ಹಚ್ಚಿದ್ರಿ ನೋಡ್ರಿ, ಯಾರರ ಹಿಂಗ ಹೋಗ್ಯಾರೇನು ಅಂತ. ನಮ್ಮ ತವರಮನ್ಯಾಗ ಹೋಗ್ಯಾರ್ರಿ. ನಮ್ಮ ಸಣ್ಣತ್ತಿ, ಅಪ್ಪನ ತಂಗಿ. ಗಂಟಲ ಆಪರೇಶನ್‌ಕ್ಕ ಹೋದಾಕಿ ಏಳಲೇ ಇಲ್ಲ. ನಾ ಹೇಳಾಕತ್ತಿದ್ದೆ. ಬಾಯಿ ಬರಲಿಲ್ಲ."

ಆ ಕೋಣೆಯಲ್ಲಿ ನನ್ನ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ಒಬ್ಬಳೇ ಇದ್ದಳು. ನಾನು ಅವಳನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿದ್ದೆ.

"ಮೊದಲ ಕೇಳಿದಾಗ ಯಾಕ ಹೇಳಲಿಲ್ಲವಾ?"

"ಅದನ್ನ ಬಾಯಿಲೆ ಅನಬಾರದು ಅಂತಾರ್ರಿ. ಅಂದ್ರ ಹುಡುಕ್ಕೊಂಡು ಬರತೈತಂತ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಾವು ಹಗೇದ ಮನಿಯವರ್ರಿ."

ಅವಳ ತವರಿನ ಅಡ್ಡಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಇಲ್ಲಿ ಹೆಸರನ್ನು ತುಸು ಬದಲಿಸಿ ಬರೆದಿದ್ದೇನೆ, ಅರ್ಥವನ್ನಲ್ಲ. ಹಗೇವು ಎಂದರೆ ಬಾವಿಯಂತೆ ನೆಲ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಡುತ್ತಿದ್ದ ಕಣಜ. ಈಗ ನಮ್ಮ ಕಡೆ ಹಗೇವು ಉಳಿದ ಊರು ಕಡಿಮೆ. ಅದನ್ನು ತೆರೆದು ಮೊದಲು ಒಳಗಿಳಿಯುವ ಕೆಲಸ ಇವರ ಮನೆತನದ್ದಾಗಿತ್ತು. ಮುಚ್ಚಿಟ್ಟ ಹಗೇವಿನ ಗಾಳಿ ಕೆಟ್ಟಿರುತ್ತದೆ. ಕಂದೀಲು ಇಳಿಬಿಟ್ಟು, ಆರದಿದ್ದರೆ ಇಳಿಯಬೇಕು.

ಕಿಣ್ವದ ಈ ದೋಷ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಾಗ ಮಾತ್ರ ಅಪಾಯ. ಸೋದರಿಕೆಯ ಮದುವೆಗಳು ನಡೆಯುವ ಮನೆತನದಲ್ಲಿ ಹಾಗೆ ಬರುವುದು ಕಷ್ಟವಲ್ಲ. ಇವಳಿಗಿದೆ, ಸತ್ತ ಸಣ್ಣತ್ತೆಗೆ ಇದ್ದಿರಬೇಕು. ಇನ್ನೂ ಯಾರಿಗೆ? ಅವರಲ್ಲಿ ಒಬ್ಬರು ನಾಳೆ ಯಾರದೋ ಮೇಜಿನ ಮೇಲೆ ಮಲಗಬಹುದು. ಈ ನಾಲ್ಕು ತಾಲ್ಲೂಕಿನಲ್ಲಿ ಆ ಮೇಜು ನನ್ನದೇ ಆಗಿರುವ ಸಂಭವ ಹೆಚ್ಚು. ಆ ವಾರವೇ ಹುಡುಕಲು ಕುಳಿತೆ.

ಅಪರೂಪದ ಅಡ್ಡಹೆಸರು, ಹುಡುಕುವುದು ಸುಲಭವೆಂದುಕೊಂಡೆ. ಮತದಾರರ ಪಟ್ಟಿಗಳನ್ನು ಊರೂರಿನ ಭಾಗ ತೆರೆದು ಓದಿದೆ. ಪರಿಚಯದ ನರ್ಸ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಫೋನ್ ಮಾಡಿದೆ. ಮೂರು ವಾರದಲ್ಲಿ ಒಂಬತ್ತು ಮನೆ ಸಿಕ್ಕವು. ಸಿಂದಗಿ ತಾಲ್ಲೂಕಿನ ಯಂಕಂಚಿಯ ಆಚೆ ಅವಳ ತವರೂರಿನಲ್ಲಿ ಮೂರು, ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಐದು, ಬಾಗೇವಾಡಿ ಕಡೆ ಒಂದು, ಇಂಡಿಯಲ್ಲಿ ಯಾರೂ ಇಲ್ಲ. ನಕಾಶೆಯ ಮೇಲೆ ಕೆಂಪು ಚುಕ್ಕೆ ಇಟ್ಟೆ. ನೋಡಲು ಅಚ್ಚುಕಟ್ಟಾಗಿತ್ತು.

ಮೊದಲು ಪರೀಕ್ಷೆ ಮಾಡಿಸಿದ್ದು ಅವಳ ಅಣ್ಣನಿಗೆ. ಅವನ ರಕ್ತದಲ್ಲೂ ಕಿಣ್ವ ತೀರ ಕಡಿಮೆ. ನನ್ನ ಊಹೆ ಸರಿಯಾಗಿತ್ತು. ಆದರೆ ಆ ಪರೀಕ್ಷೆಗೆ ನಮ್ಮ ಕಡೆ ಇನ್ನೊಂದು ಉಪಯೋಗವಿದೆ ಎಂಬುದನ್ನು ಮರೆತಿದ್ದೆ. ಬೆಳೆಗೆ ಹೊಡೆಯುವ ಔಷಧಿ, ಜನ 'ಎಣ್ಣಿ' ಎನ್ನುವುದು, ಅದನ್ನು ಕುಡಿದು ಬಂದವರಿಗೆ ಮಾಡುವ ಪರೀಕ್ಷೆಯೂ ಅದೇ. ಲ್ಯಾಬಿನಲ್ಲಿ ಚೀಟಿ ನೋಡಿದವರೊಬ್ಬರು "ಯಾವ ಎಣ್ಣಿ, ಎಷ್ಟ ಕುಡದಾನ್ರಿ?" ಎಂದು ಕೇಳಿದರಂತೆ. ಆ ಮಾತು ಅವನಿಗಿಂತ ಮೊದಲು ಊರು ಮುಟ್ಟಿತು.

ಅವನು ನನಗೆ ಫೋನ್ ಮಾಡಿದ. "ಮೇಡಂ, ನಾ ಕಟ್ಟಿ ಮ್ಯಾಲ ರೊಟ್ಟಿ ಉಣ್ಣಾಕ ಕುಂತೇನಿ. ನನ್ನ ಹೇಂಡ್ತಿ ತವರಮನಿಯವರು ಟಂಟಂ ಗಾಡಿ ಮಾಡ್ಕೊಂಡು ಅಳಕೋತ ಬಂದು ಇಳದ್ರು. ಒಬ್ಬಂವ ಹಾರಾನೂ ತಂದಾನ್ರಿ. ಈಗ ಅವರಿಗೂ ರೊಟ್ಟಿ ಹಾಕಿ ಕುಂಡ್ರಿಸೇನಿ."

ನಾನು ಏನೋ ಸಮಾಧಾನ ಹೇಳಹೋದೆ. ಅವನು ಅಷ್ಟರಲ್ಲಿ ದನಿ ಬದಲಿಸಿದ. "ನಗೂದಲ್ರಿ ಇದು. ಮೊದಲ ನಮ್ಮ ಹೆಸರಿಗೆ ಒಂದು ಮಾತು ಐತಿ. ಈಗ ಎರಡನೇದು ಹತ್ತಿತು. ಇನ್ನ ನಮ್ಮ ಮನಿಗಿ ಬರಬ್ಯಾಡ್ರಿ."

ಆ ಊರಿನ ಮೂರೂ ಮನೆಯ ಬಾಗಿಲು ಮುಚ್ಚಿತು. ಬಾಗೇವಾಡಿ ಕಡೆಯ ಮನೆಯವರಿಗೂ ಸುದ್ದಿ ಹೋಗಿತ್ತು. ಅವರು ಫೋನ್ ಎತ್ತಲಿಲ್ಲ. ಮುದ್ದೇಬಿಹಾಳದ ಐದು ಮನೆಯವರು ಮಾತ್ರ ಏನೂ ಕೇಳದೆ ತೋಳು ಚಾಚಿದರು. ಹಿರಿಯರು ಕಿರಿಯರು ಎಲ್ಲರ ರಕ್ತ ಕಳಿಸಿದೆ. ಎಲ್ಲರದೂ ಸರಿ ಇತ್ತು. ಒಬ್ಬರದೂ ಸ್ವಲ್ಪವೂ ಕಡಿಮೆ ಇರಲಿಲ್ಲ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಒಂದೇ ಮನೆತನದ ಅಷ್ಟು ಜನರಲ್ಲಿ ಅರೆಬರೆ ದೋಷವಾದರೂ ಕಾಣಿಸಬೇಕು. ನನ್ನ ನಕಾಶೆ ಎಲ್ಲಿಯೋ ತಪ್ಪಿತ್ತು.

ದಾರಿ ತೋರಿಸಿದವಳು ಆ ಹೆಣ್ಣುಮಗಳೇ. "ನಮ್ಮ ಹೆಳವನ್ನ ಕೇಳ್ರಿ" ಎಂದಳು. ಮನೆತನಗಳ ಹುಟ್ಟು, ವಲಸೆ, ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ನೆನಪಿಟ್ಟು, ವರ್ಷಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು ಹೇಳುವವರು ಹೆಳವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಇವರ ಮನೆತನದ ಹೆಳವ ಮೋಟರ್‌ಸೈಕಲ್ ಮೇಲೆ ಸಿಂದಗಿಯ ಬಸ್‌ಸ್ಟ್ಯಾಂಡಿಗೆ ಬಂದರು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೊತ್ತಿಗೆ ಹಿಡಿದು. ಚಹಾದಂಗಡಿಯ ಬೆಂಚಿನ ಮೇಲೆ ಅವಳು, ನಾನು, ಅವರು ಕುಳಿತೆವು.

ನನ್ನ ನಕಾಶೆಯನ್ನು ಅವರು ತಲೆಕೆಳಗಾಗಿ ಹಿಡಿದು ನೋಡಿ ಮಡಚಿಟ್ಟರು. "ಮುದ್ದೇಬಿಹಾಳದವರು ಹಗೇದವರು ಹೌದ್ರಿ. ಆದ್ರ ಈ ಮಗಳ ರಕ್ತ ಅಲ್ಲ."

"ಅದ್ಹೆಂಗ್ರಿ ಅಜ್ಜಾರ?"

"ಕೆಲಸದ ಹೆಸರು ಕೆಲಸದ ಹಿಂದ ಹೋಕ್ಕತಿ. ಇವರ ಮನ್ಯಾಗ ಮೂವರು ಅಣ್ಣತಮ್ಮರಿದ್ರು. ಹಗೇವು ತಗದ್ರು, ಕಂದೀಲ ಇಳೀಬಿಟ್ರು, ಕಂದೀಲ ಆರತು. ಆರಿದ್ರೂ ದೊಡ್ಡಂವ ಇಳದ. ಗೌಡ್ರು ಅವಸರ ಮಾಡಾಕತ್ತಿದ್ರು. ದೊಡ್ಡಂವ ಮ್ಯಾಲ ಬರಲಿಲ್ಲ. ಅವನ್ನ ತರಾಕ ನಡಕಿನಂವ ಇಳದ. ಅವನೂ ಬರಲಿಲ್ಲ. ಸಣ್ಣಂವ ಹಗ್ಗ ಅಲ್ಲೇ ಬಿಟ್ಟು, ಹೇಂಡ್ತಿ ಮಕ್ಕಳನ್ನ ಕರಕೊಂಡು ಊರ ಬಿಟ್ಟ. ಬಾಗೇವಾಡಿ ಕಡೆ ಹೋಗಿ ನಿಂತ. ಅಲ್ಲಿ ಮಂದಿ ಅವನ್ನ ಬಿಟ್ಟು ಬಂದ ಊರಿನ ಹೆಸರಿಲೆ ಕರದ್ರು. ಅವನ ಮಕ್ಕಳಿಗೆ ಈಗ ಅದ ಅಡ್ಡಹೆಸರು."

"ಮತ್ತ ಮುದ್ದೇಬಿಹಾಳದವರು?"

"ಹಗೇವು ತಗ್ಯಾಕ ಆಳು ಬೇಕಲ್ಲ. ಬ್ಯಾರೆ ಮನಿಯವರು ಆ ಕೆಲಸ ಹಿಡದ್ರು, ಹಗೇದವರು ಅನಿಸಿಕೊಂಡ್ರು, ಆಮ್ಯಾಲ ಆ ಕಡೆ ಹೋದ್ರು. ಬಾಗೇವಾಡಿ ಕಡೆ ನಿಮ್ಮ ಚುಕ್ಕಿ ಐತೆಲ್ಲ, ಅವರೂ ಅವರ ಮಂದೀನ. ನಡಕಿನಂವನ ಹೇಂಡ್ತಿ ಕೂಸಿನ್ನ ಹೊಟ್ಟ್ಯಾಗ ಇಟ್ಟಕೊಂಡು ಇಲ್ಲೇ ಉಳದ್ಲು. ಆ ಕೂಸಿನ ಮಂದಿ ಇವರು."

ಹೆಣ್ಣುಮಗಳು ಚಹಾದ ಲೋಟ ಕೆಳಗಿಟ್ಟಿದ್ದಳು. ತನ್ನ ಮನೆತನದ ಮೇಲಿನ ಮಾತು ಎಲ್ಲಿಂದ ಬಂತೆಂದು ಅವಳು ಪೂರ್ತಿ ಕೇಳಿದ್ದೂ ಅಂದೇ. ಹಗೇದವರಿಗೆ ಉಸಿರು ಕಟ್ಟುವುದು ತಪ್ಪುವುದಿಲ್ಲ ಎಂದು ಮನೆಯಲ್ಲಿ ಅನ್ನುತ್ತಿದ್ದರಂತೆ. ಆ ಇಬ್ಬರು ಸತ್ತದ್ದು ಕೆಟ್ಟ ಗಾಳಿಯಿಂದ; ಸಣ್ಣತ್ತೆ ಸತ್ತದ್ದು ಬೇರೆ ಕಾರಣದಿಂದ. ಎರಡಕ್ಕೂ ಸಂಬಂಧವಿಲ್ಲ. ಇದನ್ನು ನಾನು ಅವಳಿಗೆ ಸ್ಪಷ್ಟವಾಗಿ ಹೇಳಿದೆ. ಹೇಳುವಾಗ ನನ್ನ ಕೈಯಲ್ಲಿ ಚೀಲ ಒತ್ತಿದ ನೆನಪು ಏಳುತ್ತಿತ್ತು.

"ಇವರ ಹೆಣ್ಣುಮಕ್ಕಳನ್ನ ಎಲ್ಲೆಲ್ಲಿ ಕೊಟ್ಟಾರ್ರಿ?" ಎಂದು ಹೆಳವರನ್ನು ಕೇಳಿದೆ.

"ಹೆಣ್ಣುಮಕ್ಕಳನ್ನ ನಾವು ಬರಿಯೂದಿಲ್ಲರಿ. ಕೊಟ್ಟ ಹೆಣ್ಣು ಕುಲದ ಹೊರಗ."

ಅಂದರೆ ಮತದಾರರ ಪಟ್ಟಿಯಲ್ಲಿ ಇಲ್ಲದ್ದು ಹೆಳವರ ಹೊತ್ತಿಗೆಯಲ್ಲೂ ಇರಲಿಲ್ಲ. ರಕ್ತ ಮಾತ್ರ ಹೆಣ್ಣುಮಕ್ಕಳ ಜೊತೆ ಹೋಗಿ, ಸೊಸೆಯಂದಿರ ಜೊತೆ ಮರಳಿ ಬಂದಿತ್ತು. ನಾನು ಎರಡು ತಿಂಗಳು ಹುಡುಕಿದ್ದು ಒಂದು ಹೆಸರನ್ನು.

ಅವತ್ತೇ ನಿರ್ಧರಿಸಿದೆ: ಹೆಸರು ಬಿಟ್ಟುಬಿಡಬೇಕು. "ನಿಮ್ಮ ಮನಿ ಹೆಣ್ಣುಮಕ್ಕಳು ಎಲ್ಲೆಲ್ಲಿ ಅದಾರ ಅಂತ ಪೂರ್ತಿ ಗೊತ್ತಿದ್ದವರು ಯಾರವಾ?" ಎಂದು ಅವಳನ್ನು ಕೇಳಿದೆ.

ಅವಳು ಯೋಚಿಸಲೂ ಇಲ್ಲ. "ದೊಡ್ಡವ್ವ. ಪಂಚಮಿ ಉಂಡಿ ಕಟ್ಟಾಕಿ ಆಕೀನ."

ನಾಗರಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳ ಮನೆಗೆ ತವರಿನಿಂದ ಉಂಡಿ ಹೋಗಬೇಕು. ಹೆಣ್ಣುಮಗಳು ಮುದುಕಿಯಾದರೂ ತಪ್ಪಬಾರದು. ದೊಡ್ಡವ್ವ ಅವಳ ದೊಡ್ಡಪ್ಪನ ಹೆಂಡತಿ, ಅದೇ ಬಾಗಿಲು ಮುಚ್ಚಿದ ಮನೆಗಳಲ್ಲೊಂದರ ಹಿರಿಯಳು. ಈ ಸಲ ನಾನು ಮುಂದೆ ಹೋಗಲಿಲ್ಲ. ಅವಳೇ ಹೋಗಿ ಹೊಸ್ತಿಲಲ್ಲಿ ಕುಳಿತು, ತನಗೆ ಆ ದಿನ ಏನಾಯಿತೆಂದು ಮೊದಲ ಬಾರಿ ತವರಿನವರಿಗೆ ಹೇಳಿದಳು. ಬಳಿಕ ದೊಡ್ಡವ್ವನೇ ಫೋನ್ ಹಚ್ಚಿಸಿದರು.

"ಬಾ ಯವ್ವಾ. ಬರಕೋ. ಆದ್ರ ಎಣ್ಣಿ ಗಿಣ್ಣಿ ಅಂತ ಹೆಸರು ತಗದ್ರ ನೋಡು ಮತ್ತ."

ಅವರು ಕಣ್ಣು ಮುಚ್ಚಿ, ಡಬ್ಬಿ ತುಂಬುವ ಕ್ರಮದಲ್ಲೇ ಹೇಳುತ್ತ ಹೋದರು. ಎಳ್ಳುಂಡಿ ಯಾರಿಗೆ, ಶೇಂಗಾದ್ದು ಯಾರಿಗೆ, ಯಾರ ಮನೆಗೆ ಯಾರು ಒಯ್ಯುತ್ತಾರೆ. ಹದಿಮೂರು ಮನೆ. ಹದಿಮೂರು ಬೇರೆ ಬೇರೆ ಅಡ್ಡಹೆಸರು. ಒಂದೂ ಹಗೇದ ಅಲ್ಲ. ಸತ್ತ ಸಣ್ಣತ್ತೆಯ ಡಬ್ಬಿಯನ್ನು ಈಗಲೂ ತುಂಬುತ್ತಾರಂತೆ. ಆಮೇಲೆ ಹಸುವಿಗೆ ತಿನ್ನಿಸುತ್ತಾರಂತೆ.

ಒಂಬತ್ತನೆಯ ಮನೆ ಮುದ್ದೇಬಿಹಾಳದಲ್ಲಿತ್ತು. "ನನ್ನ ಮಗಳನ್ನ ನನ್ನ ನಾದಿನಿ ಮಗಗ ಕೊಟ್ಟೇವಿ" ಎಂದರು. ನಾದಿನಿಯೆಂದರೆ ಸತ್ತವಳ ಅಕ್ಕ. ಎರಡೂ ಕಡೆಯಿಂದ ಅದೇ ರಕ್ತ. "ಮೊಮ್ಮಗಳು ಎಂಟನೇತ್ತ ಅದಾಳ. ಆಕಿಗೂ ಗಂಟಲದಾಗ ಗಡ್ಡಿ ಬಂದು, ಸೋಮವಾರ ಆಪರೇಶನ್ ಮಾಡಸ್ತಾರ."

ಆ ಮನೆಯ ಅಡ್ಡಹೆಸರು ಬರೆಯುವಾಗ ನನ್ನ ಪೆನ್ನು ನಿಂತಿತು. ಅದನ್ನು ನಾನು ಎರಡು ದಿನದ ಹಿಂದೆಯೇ ಬರೆದಿದ್ದೆ. ಸೋಮವಾರದ ಆ ಮೇಜು ನನ್ನದೇ. ಗುರುವಾರ ಆ ಹುಡುಗಿಯನ್ನು ಪರೀಕ್ಷಿಸಿ, ಅವಳ ಅಜ್ಜಿಗೆ ಅದೇ ಪ್ರಶ್ನೆ ಕೇಳಿದ್ದೆ. ಅಜ್ಜಿ "ಇಲ್ರಿ" ಎಂದಿದ್ದರು. ನಾನು 'ಇಲ್ಲ' ಎಂಬಲ್ಲಿ ಗುರುತು ಹಾಕಿದ್ದೆ.

ಮುದ್ದೇಬಿಹಾಳಕ್ಕೆ ಮರುದಿನವೇ ಹೋದೆವು. ಆ ಹೆಣ್ಣುಮಗಳೂ ಬಂದಳು. ಹುಡುಗಿಯ ಅಜ್ಜಿ ಎಂದರೆ ಇವಳ ದೊಡ್ಡ ಸೋದರತ್ತೆ. ಅವಳನ್ನು ನೋಡಿದ ಕೂಡಲೇ ಅವರಿಗೆ ತಿಳಿಯಿತು. ಅಡುಗೆಮನೆಯ ಕಡೆ ಕರೆದೊಯ್ದು ಕೂರಿಸಿದರು.

"ನೀವು ಕೇಳಿದಾಗ ನನ್ನ ತಂಗಿ ಮಾರಿ ಕಣ್ಣ ಮುಂದ ಬಂತ್ರಿ" ಎಂದರು. "ಹೌದು ಅಂದ್ರ ಈ ಕೂಸಿಗೂ ಹತ್ತತೈತಿ ಅಂತ ಬಾಯಿ ಕಟ್ಟಿ ಹಿಡದೆ. ಮೂರು ದಿನ ಆತು, ನೀರು ಗಂಟಲಾಗ ಇಳದಿಲ್ಲ."

"ನನಗೂ ಹಂಗ ಆಗಿತ್ತು ಅತ್ತಿ" ಎಂದಳು ಹೆಣ್ಣುಮಗಳು. "ನಾನೂ ಗ್ವಾಡಿ ನೋಡಕೋತ ಮಲಗಿದ್ದೆ."

ಆಪರೇಶನ್ ಮುಂದೆ ಹಾಕಿದೆವು. ಹುಡುಗಿಯ ರಕ್ತ ಕಳಿಸಿದೆ. ಚೀಟಿಯ ಮೇಲೆ 'ವಂಶದ ಪರೀಕ್ಷೆ, ವಿಷದ್ದಲ್ಲ' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದೆ. ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ ಇತ್ತು.

ಮುಂದಿನ ವಾರ ಬೇರೆ ಔಷಧದಿಂದ ಕೆಲಸ ಮಾಡಿದೆ. ಸಕ್ಸಾಮೆಥೋನಿಯಂ ಸೀಸೆಯನ್ನು ಕೋಣೆಯಿಂದಲೇ ಹೊರಗೆ ಕಳಿಸಿದ್ದೆ. ಹೆಣ್ಣುಮಗಳು ಹೊರಗಿನ ಬೆಂಚಿನ ಮೇಲೆ ಅಜ್ಜಿಯ ಜೊತೆ ಕುಳಿತಿದ್ದಳು. ಅನಿಲ ನಿಲ್ಲಿಸಿದೆ. ಚಾರ್ಟಿನ ಒಂದು ಮನೆ ತುಂಬುವುದರೊಳಗೆ ಎದೆ ತಾನಾಗಿ ಎದ್ದಿತು. ಹುಡುಗಿ ಕೆಮ್ಮಿ, ಕೈಯೆತ್ತಿ ನನ್ನ ಮಣಿಕಟ್ಟು ಹಿಡಿದಳು. ಅವಳ ಕಣ್ಣಿನ ಮೂಲೆಯಲ್ಲೂ ನೀರಿತ್ತು. ನಾನು ಒರೆಸಲಿಲ್ಲ. ಬಗ್ಗಿ, "ಕೇಳಸ್ತೈತೇನು?" ಎಂದೆ. ತಲೆಯಾಡಿಸಿದಳು.

ಉಳಿದ ಹನ್ನೆರಡು ಮನೆಗಳ ಕೆಲಸ ಮುಗಿಯಲು ಪಂಚಮಿ ಬಂತು. ಊರು ಬಿಟ್ಟು ಹೋದ ಸಣ್ಣವನ ಮನೆಯವರೂ ಸಿಕ್ಕರು. ಅವರ ಹೆಣ್ಣುಮಕ್ಕಳದು ಬೇರೆಯೇ ಪಟ್ಟಿ ಆಯಿತು. ದೋಷ ಇದ್ದವರಿಗೆಲ್ಲ ಒಂದೊಂದು ಚೀಟಿ ಬರೆದು, ಪ್ಲಾಸ್ಟಿಕ್ ಹಾಕಿಸಿದೆ: ಈ ಔಷಧ ಇವರಿಗೆ ಕೊಡಬಾರದು. ಡಾಕ್ಟರು ಕೊಟ್ಟರೆ ಯಾರೂ ಇಟ್ಟುಕೊಳ್ಳಲಿಕ್ಕಿಲ್ಲ ಎಂದು ದೊಡ್ಡವ್ವ ಅವನ್ನು ಉಂಡಿಯ ಡಬ್ಬಿಗಳಲ್ಲಿ ಇಟ್ಟು ಕಳಿಸಿದರು. ಬಾಗಿಲು ಮುಚ್ಚಿದ್ದ ಅಣ್ಣನೇ ಮೋಟರ್‌ಸೈಕಲ್ ಮೇಲೆ ಹಂಚಿ ಬಂದ.

ಡಬ್ಬಿ ಕಟ್ಟುವ ದಿನ ನಾನೂ ಅಲ್ಲಿದ್ದೆ. ಹೆಣ್ಣುಮಗಳು ನನ್ನ ಪಕ್ಕದಲ್ಲಿ ಕುಳಿತು ಎಳ್ಳುಂಡಿ ಕಟ್ಟುತ್ತಿದ್ದಳು. ಅಷ್ಟು ತಿಂಗಳಲ್ಲಿ ಆ ಹದಿನೆಂಟು ನಿಮಿಷದ ಬಗ್ಗೆ ನಾನಾಗಿ ಕೇಳಿರಲಿಲ್ಲ. ಅಂದು ಕೇಳಿದೆ: "ಬಹಳ ತ್ರಾಸ ಯಾವುದಾತವಾ?"

ಕೈಯಲ್ಲಿದ್ದ ಉಂಡಿಯನ್ನು ಅವಳು ಪೂರ್ತಿ ಕಟ್ಟಿ ತಾಟಿನಲ್ಲಿಟ್ಟಳು.

"ಹೊಲಿಗಿ ಬ್ಯಾನಿ ಇತ್ರಿ, ಅದನ್ನ ತಡಕೊಂಡೆ. ಉಸರು ನನ್ನ ಕೈಯಾಗಿಲ್ಲಲಾ ಅಂತ ಅಂಜಿಕಿ ಇತ್ತು, ಅದನ್ನೂ ತಡಕೊಂಡೆ. ನೀವು ಬಂದು ನನ್ನ ಕಣ್ಣೀರು ಒರಸಿದ್ರಿ ನೋಡ್ರಿ. ಆವಾಗ ಅಂದ್ಕೊಂಡೆ, ತಿಳೀತು ಇವರಿಗೆ, ಇನ್ನ ನಾ ಉಳದೆ ಅಂತ." ಮತ್ತೊಂದು ಹಿಡಿ ಎಳ್ಳು ತೆಗೆದುಕೊಂಡಳು. "ಮತ್ತ ಕಣ್ಣಿಗೆ ಪಟ್ಟಿ ಹಚ್ಚಿ ಹೊಳ್ಳಿ ಹೋದ್ರಿ."